ವಾರಗಿತ್ತಿಯರ ನಡಿಗೆ

ಸಕ್ಕರೆ ಕಾಯಿಲೆ ಬಂದಿದೆ ಎಂದಾಗ ರುಶ್ನಾರಾಳಿಗೆ ಅಷ್ಟೇನೂ ಬೇಸರವಾಗಿರಲಿಲ್ಲ. ಸಿಲೆಟ್‌ನಿಂದ ಇಂಗ್ಲಿಷರ ನಾಡಿಗೆ ಬಂದು ಓಲ್ಡಮ್ ಊರಿನ ಆ ಬೀದಿಗಳಲ್ಲಿ ನೆಲೆಸಿದ ಮನೆಗಳಲ್ಲಿ, ಐವತ್ತು ದಾಟಿದ ಹೆಂಗಸಿಗೆ ಸಕ್ಕರೆಯೂ ಮಂಡಿನೋವೂ ಮೂಗುಬೊಟ್ಟಿನ ಹಾಗೆ ಮೈಮೇಲೆ ಇದ್ದೇ ಇರುತ್ತಿದ್ದವು. ಬೇಸರವಾದದ್ದು ಮಂಗಳವಾರದ ಗುಂಪಿಗೆ ಹೋಗು ಎಂದಾಗ.

"ಮೊಮ್ಮಕ್ಕಳನ್ನ ಕಂಡ ಮೇಲೆ ಕುಣಿಯೋಕೆ ಕಳಿಸ್ತಿದ್ದೀಯಲ್ಲಮ್ಮ" ಎಂದು ಅವಳು ಆರೋಗ್ಯ ಕೇಂದ್ರದ ತಸ್ಲೀಮಾಳನ್ನು ತರಾಟೆಗೆ ತೆಗೆದುಕೊಂಡಳು.

ತಸ್ಲೀಮಾ ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಮನೆಮಾತನ್ನು ಕುಂಟುತ್ತ ಆಡುತ್ತಿದ್ದಳು, ಆದರೆ ನಾಚಿಕೆಯಿಲ್ಲದೆ ಆಡುತ್ತಿದ್ದಳು. "ಕುಣಿಯೋದಲ್ಲ ಖಾಲಾ. ಕುರ್ಚಿ ಮೇಲೆ ಕೂತ್ಕೊಂಡೇ ಕೈಕಾಲು ಆಡಿಸೋದು. ಆಮೇಲೆ ಪಾರ್ಕಲ್ಲಿ ಒಂದು ಸುತ್ತು. ಗಂಡಸರು ಯಾರೂ ಇರಲ್ಲ."

"ಕುರ್ಚಿ ನಮ್ಮನೇಲೂ ಇದೆ."

"ಅದರ ಮೇಲೆ ನೀವು ಯಾವತ್ತು ಕೂತಿದ್ರಿ ಹೇಳಿ?"

ರುಶ್ನಾರಾಳಿಗೆ ಸಿಟ್ಟು ಬಂತು. ಆ ಸಿಟ್ಟಿಗೇ ಹೋಗಲು ಒಪ್ಪಿಕೊಂಡಳು.

ಗುಂಪು ಸೇರುತ್ತಿದ್ದದ್ದು ಮಸೀದಿಯ ಹಿಂದಿನ ಬೀದಿಯ ಹಳೆಯ ಭವನವೊಂದರಲ್ಲಿ. ಹೊರಗಿನವರು ಇಣುಕದಂತೆ ಕಿಟಕಿಗಳಿಗೆ ಹೂವಿನ ಬೆಡ್‌ಶೀಟುಗಳನ್ನು ಕಟ್ಟಿದ್ದರು. ಒಳಗೆ ಎಂಟೊಂಬತ್ತು ಹೆಂಗಸರು ಬುರ್ಖಾ ಕಳಚಿಟ್ಟು ಸೀರೆ, ಸಲ್ವಾರುಗಳಲ್ಲಿ ಹರಟುತ್ತಿದ್ದರು. ರುಶ್ನಾರಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ತಲೆಯೆತ್ತಿ ನೋಡಿದವಳು ಅಲ್ಲೇ ನಿಂತುಬಿಟ್ಟಳು. ಗೋಡೆಯ ಹೀಟರಿಗೆ ಬೆನ್ನು ಕೊಟ್ಟು ಖೊಯ್ರುನ್ ಕೂತಿದ್ದಳು.

ಖೊಯ್ರುನ್ ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಲೆಟ್ ಸೀಮೆಯ ಸುನಾಮ್‌ಗಂಜಿನ ನೀರಿನ ನಡುವಿನ ಹಳ್ಳಿಯಿಂದ ಈ ಇಟ್ಟಿಗೆಯ ಊರಿಗೆ ಬಂದಿಳಿದಾಗ, ರುಶ್ನಾರಾಳಿಗೆ ಗ್ಯಾಸ್ ಒಲೆ ಹಚ್ಚಲು ಕಲಿಸಿದವಳು ಅವಳೇ. ಒಂದೇ ಅತ್ತೆಯ ಕೈಕೆಳಗೆ, ಒಂದೇ ಅಡುಗೆಮನೆಯಲ್ಲಿ, ಹದಿನಾಲ್ಕು ವರ್ಷ ಇಬ್ಬರೂ ಅಕ್ಕಿ ತೊಳೆದಿದ್ದರು. ಅತ್ತೆ ತೀರಿಕೊಂಡ ಮೇಲೆ ಮನೆಗಳು ಬೇರೆಯಾದವು, ಮನಸ್ಸುಗಳು ಬೇರೆಯಾಗಿರಲಿಲ್ಲ. ಅದಾದದ್ದು ಮಕ್ಕಳು ದೊಡ್ಡವರಾದ ಮೇಲೆ. ಖೊಯ್ರುನ್ ತನ್ನ ಮಗ ಜುಬೇರ್‌ಗೆ ರುಶ್ನಾರಾಳ ಮಗಳು ಶೆಫಾಲಿಯನ್ನು ಕೇಳಿದಳು. ಶೆಫಾಲಿ, ಒಟ್ಟಿಗೆ ಆಡಿ ಬೆಳೆದವನನ್ನು ಮದುವೆಯಾಗಲಾರೆ ಎಂದಳು. "ಮಗಳನ್ನ ಸಾಕಿದ ಚಂದ ನೋಡು" ಎಂದು ಖೊಯ್ರುನ್ ನೆಂಟರ ಮುಂದೆ ಆಡಿದಳಂತೆ. "ಅವಳ ಮಗನಿಗೆ ಕೊಡೋದಕ್ಕಿಂತ ಹೊಳೆಗೆ ತಳ್ತೀನಿ" ಎಂದು ರುಶ್ನಾರಾ ಅಂದಳಂತೆ. ಎರಡು ಮಾತೂ ನಿಜವಾಗಿ ಆಡಿದವೇ. ಅಲ್ಲಿಂದ ಹತ್ತು ಹನ್ನೊಂದು ವರ್ಷ ಇಬ್ಬರೂ ಎದುರಾದರೆ ರಸ್ತೆ ದಾಟುತ್ತಿದ್ದರು. ಖೊಯ್ರುನ್‌ಳ ಗಂಡ ಸತ್ತಾಗಲೂ ರುಶ್ನಾರಾ ಹೋಗಿ ಹೆಂಗಸರ ಗುಂಪಿನಲ್ಲಿ ಒಂದಿಷ್ಟು ಹೊತ್ತು ಕೂತು, ಮಾತಾಡದೆ ಎದ್ದು ಬಂದಿದ್ದಳು.

ಹಿಂದಿರುಗಬೇಕೆಂದು ಚಪ್ಪಲಿಗೆ ಕಾಲು ಹಾಕುವಷ್ಟರಲ್ಲಿ ತಸ್ಲೀಮಾ ಬಂದು ಕೈ ಹಿಡಿದು ಎಳೆದೊಯ್ದು, ಇದ್ದ ಒಂದೇ ಖಾಲಿ ಕುರ್ಚಿಯಲ್ಲಿ ಕೂರಿಸಿದಳು. ಅದು ಖೊಯ್ರುನ್‌ಳ ಪಕ್ಕದ್ದು. ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತ ಕೈ ಎತ್ತಿದರು, ಕೈ ಇಳಿಸಿದರು.

ಕುರ್ಚಿಯ ಕಸರತ್ತು ಹೇಗೋ ಮುಗಿಯಿತು. ಕಷ್ಟ ಶುರುವಾದದ್ದು ಪಾರ್ಕಿನಲ್ಲಿ. ಉಳಿದವರೆಲ್ಲ ಹರಟುತ್ತ ಮುಂದೆ ಹೋದರು. ಮಂಡಿ ಸರಿಯಿಲ್ಲದ ರುಶ್ನಾರಾ, ಮೈಭಾರದ ಖೊಯ್ರುನ್ ಇಬ್ಬರೇ ಹಿಂದೆ ಉಳಿದರು. ಒಬ್ಬಳು ಇನ್ನೊಬ್ಬಳನ್ನು ದಾಟಿ ಹೋಗೋಣವೆಂದರೆ ಆಗದು, ಬಿಟ್ಟು ಹಿಂದುಳಿಯೋಣವೆಂದರೆ ಮಾನ ಬಿಡದು. ಮುಂದೆ ಹೋಗುತ್ತಿದ್ದ ಅಂಗೂರಾ ಎಂಬ ಬಾಯಿಬಡುಕಿ ತಿರುಗಿ ಕೂಗಿದಳು, "ಬನ್ರೇ, ಗೂಡ್ಸ್ ಗಾಡೀನೇ! ಸಂಜೆ ಮಗ್ರಿಬ್ ನಮಾಜಿಗಾದ್ರೂ ಸ್ಟೇಷನ್ ತಲುಪ್ತೀರೋ ಇಲ್ವೋ?"

ಹೀಗೆ ಎಷ್ಟೋ ಮಂಗಳವಾರ ಇಬ್ಬರೂ ಅಕ್ಕಪಕ್ಕ ನಡೆದರು. ಒಬ್ಬಳ ಏದುಸಿರು ಇನ್ನೊಬ್ಬಳಿಗೆ ಕೇಳುತ್ತಿತ್ತು. ಮಾತು ಮಾತ್ರ ಇಲ್ಲ.

ಮಾತಾಡಿಸಿದ್ದು ಒಂದು ನಾಯಿ. ಕೊಳದ ಬಳಿಯ ತಿರುವಿನಲ್ಲಿ ಯಾರದೋ ಕರುವಿನಷ್ಟು ಎತ್ತರದ ಕಪ್ಪು ನಾಯಿ ಹಗ್ಗ ಬಿಡಿಸಿಕೊಂಡು, ಕಿವಿ ಹಾರಿಸುತ್ತ ಇವರ ಕಡೆಗೇ ಓಡಿಬಂತು. ರುಶ್ನಾರಾ ಖೊಯ್ರುನ್‌ಳ ಬೆನ್ನ ಹಿಂದೆ ಅಡಗಿದಳು. ಖೊಯ್ರುನ್ ಗಿರಕ್ಕನೆ ತಿರುಗಿ ರುಶ್ನಾರಾಳ ಹಿಂದೆ ಬಂದಳು. ಒಬ್ಬರನ್ನೊಬ್ಬರು ಹಿಡಿದುಕೊಂಡು ಬುಗುರಿಯಂತೆ ಮೂರು ನಾಲ್ಕು ಸುತ್ತು ಸುತ್ತಿದರು. ನಾಯಿ ಇದೇನೋ ಆಟವೆಂದುಕೊಂಡು ಅವರ ಸುತ್ತ ಓಡಿತು.

"ಅಯ್ಯೋ, ನಿಂತ್ಕೊಳ್ಳೇ ಒಂದು ಕಡೆ!" ಎಂದು ಖೊಯ್ರುನ್ ಚೀರಿದಳು. "ಯಾರ ಹಿಂದೆ ಯಾರು ಅಡಗೋದು ಅಂತ ಮೊದ್ಲು ತೀರ್ಮಾನ ಆಗ್ಲಿ!"

"ನೀನು ದೊಡ್ಡವಳಲ್ವಾ ಭಾಬಿ, ನೀನು ಮುಂದಿರು!"

ನಾಯಿಯ ಯಜಮಾನ ಕ್ಷಮೆ ಕೇಳುತ್ತ ಬಂದು ಅದನ್ನು ಎಳೆದುಕೊಂಡು ಹೋದ. ಇಬ್ಬರೂ ಸೆರಗು, ಬುರ್ಖಾ ಸರಿಮಾಡಿಕೊಂಡರು. ಭಾಬಿ ಎಂಬ ಮಾತು ಬಾಯಿಂದ ಬಿದ್ದುಹೋಗಿತ್ತು. ಅದನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಆ ದಿನ ಗೇಟಿನ ಹತ್ತಿರ ಖೊಯ್ರುನ್ ನಿಂತು, ರುಶ್ನಾರಾ ಮೆಟ್ಟಿಲಿಳಿಯುವವರೆಗೆ ಕಾದಳು.

ಆಮೇಲೆ ಊಟದ ವಿಷಯ ಬಂತು. ತಸ್ಲೀಮಾ ಒಂದು ದಿನ ಬಣ್ಣದ ಚಿತ್ರಗಳನ್ನು ತಂದು ಗೋಡೆಗೆ ಅಂಟಿಸಿದಳು. ಹಸಿ ಎಲೆಗಳು, ಕಂದು ಬ್ರೆಡ್ಡು, ಬೇಯಿಸಿದ ಹೂಕೋಸಿನಂಥ ಹಸಿರು ಗೊಂಚಲು.

"ಇದು ಮೊಲದ ಊಟ" ಎಂದಳು ಅಂಗೂರಾ. "ಇದನ್ನ ನನ್ನ ಗಂಡನ ಮುಂದಿಟ್ರೆ, ಮೊಲಾನ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಕೇಳ್ತಾನೆ."

ತಸ್ಲೀಮಾ ನಗುತ್ತಲೇ ಚಿತ್ರಗಳನ್ನು ಕಿತ್ತು ಸುರುಳಿ ಸುತ್ತಿದಳು. "ಸರಿ, ನೀವೇ ಹೇಳಿ. ನಿಮ್ಮನೇಲಿ ಏನು ಊಟ? ಯಾವಾಗ? ಎಲ್ಲಿ ಕೂತು?"

ಮೀನಿನ ಸಾರು, ಒಣಮೀನಿನ ಗೊಜ್ಜು, ಸೊಪ್ಪು, ಅನ್ನ ಎಂದು ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಎಲ್ಲಿ ಕೂತು ಎಂಬುದನ್ನು ಮಾತ್ರ ಎಲ್ಲರೂ ಹಾರಿಸಿಬಿಟ್ಟರು.

"ನಾನು ಕೂರಲ್ಲ" ಎಂದಳು ರುಶ್ನಾರಾ ಕೊನೆಗೆ. "ಎಲ್ಲರದ್ದೂ ಆದ್ಮೇಲೆ ಒಲೆ ಹತ್ರ ನಿಂತ್ಕೊಂಡೇ ತಿಂತೀನಿ. ಪಾತ್ರೇಲಿ ಉಳಿದದ್ದು. ಮೊಮ್ಮಕ್ಕಳ ತಟ್ಟೇಲಿ ಉಳಿದದ್ದು. ಬಿಸಾಡೋಕೆ ಮನಸ್ಸು ಬರಲ್ಲ. ಹಸಿವಿದ್ರೂ ತಿಂತೀನಿ, ಇಲ್ದಿದ್ರೂ ತಿಂತೀನಿ."

ಇಂಥದ್ದನ್ನು ನಾಲ್ಕು ಜನರ ಮುಂದೆ ಆಡಿದ್ದಕ್ಕೆ ಅವಳ ಕಿವಿ ಬಿಸಿಯಾಯಿತು. ಸುತ್ತ ನೋಡಿದರೆ ಎಲ್ಲರ ತಲೆಯೂ ಮೆಲ್ಲಗೆ ಆಡುತ್ತಿತ್ತು.

"ಅಗುಳು ಚೆಲ್ಲಿದ್ರೆ" ಎಂದು ಖೊಯ್ರುನ್ ಇದ್ದಕ್ಕಿದ್ದಂತೆ ಮೂಗಿನಿಂದ ದನಿ ತೆಗೆದು ಅಣಕಿಸಿದಳು, "ಗೋರಿಯೊಳಗೆ ಒಂದೊಂದಾಗಿ ರೆಪ್ಪೆಯಿಂದ ಆರಿಸಬೇಕಾಗುತ್ತೆ, ಸೊಸೆಮುದ್ದೂ!"

ಅತ್ತೆಯ ದನಿ ಹಾಗೇ ಇಳಿದಿತ್ತು. ರುಶ್ನಾರಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲಾಗಲಿಲ್ಲ, ಜೊತೆಗೆ ಕಣ್ಣಲ್ಲಿ ನೀರು. "ಪಾಪ, ಅವರೂ ನಿಂತೇ ತಿಂದವರು ಭಾಬಿ" ಎಂದಳು. "ಹ್ಞೂಂ, ನಿಂತೇ ಸತ್ತರು" ಎಂದಳು ಖೊಯ್ರುನ್.

ಆ ವಾರ ಹೆಂಗಸರೆಲ್ಲ ಸೇರಿ ಒಂದು ಮಾತು ಮಾಡಿಕೊಂಡರು. ಅನ್ನ ಬಿಡುವುದು ಬೇಡ, ಅದು ಆಗುವ ಮಾತಲ್ಲ. ಒಂದು ಮುಷ್ಟಿ ಅನ್ನ, ಎರಡು ಮುಷ್ಟಿ ಸೊಪ್ಪು, ಮೀನು ಕರಿಯುವ ಬದಲು ಸಾರಿನಲ್ಲೇ ಬೇಯಿಸುವುದು, ಎಣ್ಣೆಯನ್ನು ಡಬ್ಬಿಯಿಂದ ಸುರಿಯದೆ ಚಮಚದಲ್ಲಿ ಹಾಕುವುದು. ಎಲ್ಲಕ್ಕಿಂತ ಮೊದಲು ತನ್ನ ತಟ್ಟೆಗೆ ತಾನು ಬಡಿಸಿಕೊಂಡು ಕೂತು ತಿನ್ನುವುದು.

ಮರುದಿನ ಮಧ್ಯಾಹ್ನ ರುಶ್ನಾರಾಳ ಗಂಡ ಮೊಯ್ನುಲ್ ಟ್ಯಾಕ್ಸಿ ನಿಲ್ಲಿಸಿ ಊಟಕ್ಕೆ ಬಂದಾಗ ಹೆಂಡತಿ ಮೇಜಿನ ಮುಂದೆ ಕೂತು ಉಣ್ಣುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. "ಏನಾಯ್ತೇ, ಮೈ ಸರಿಯಿಲ್ವಾ?"

"ಸರಿಯಿದೆ. ಹಸಿವಾಯ್ತು."

ಎದ್ದು ಬಡಿಸುತ್ತಾಳೆಂದು ಅವನು ಕಾದ. ಅವಳ ಕಾಲುಗಳು ಏಳಲು ಚಡಪಡಿಸಿದವು. ಗಟ್ಟಿಯಾಗಿ ಕೂತಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಡ್ರಾಯರುಗಳನ್ನು ಎಳೆದು ಮುಚ್ಚುವ ಸದ್ದು, "ಈ ಮನೇಲಿ ಸೌಟು ಎಲ್ಲಿಡ್ತಾರೆ?" ಎಂಬ ಗೊಣಗು ಕೇಳಿತು. ಮೊಯ್ನುಲ್ ಕೆಟ್ಟವನಲ್ಲ. ಮೂವತ್ತೈದು ವರ್ಷ ಸೌಟು ಹುಡುಕುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ಈ ಕತೆಯನ್ನು ಮುಂದಿನ ಮಂಗಳವಾರ ಖೊಯ್ರುನ್‌ಗೆ ಹೇಳಬೇಕೆಂದು ರುಶ್ನಾರಾ ಬಾಯಲ್ಲಿ ಇಟ್ಟುಕೊಂಡು ಹೋದಳು. ಖೊಯ್ರುನ್ ಬಂದಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಸ್ಲೀಮಾ ಫೋನು ಮಾಡಿದರೆ ನೆಗಡಿ ಎಂದಳಂತೆ. ರುಶ್ನಾರಾ ಗುಂಪಿನ ಕೊನೆಯಲ್ಲಿ ಒಬ್ಬಳೇ ನಡೆದಳು. ಕೊಳದ ತಿರುವು ಬಂದಾಗ ಯಾಕೋ ಕಾಲು ಮುಂದಕ್ಕೆ ಬರಲಿಲ್ಲ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದವಳಿಗೆ ಗೊತ್ತಿತ್ತು, ಖೊಯ್ರುನ್ ನೆಗಡಿಗೆ ಹಾಸಿಗೆ ಹಿಡಿಯುವ ಹೆಂಗಸಲ್ಲ. ಜ್ವರವಿದ್ದಾಗಲೂ ಇಪ್ಪತ್ತು ಜನರಿಗೆ ಅಡುಗೆ ಮಾಡಿದವಳು.

ಭಾವ ಸತ್ತ ದಿನ ಎದ್ದು ಬಂದಾಗಲೇ, ಆ ಹೊಸಿಲನ್ನು ಇನ್ನು ತುಳಿಯುವುದಿಲ್ಲವೆಂದು ಆಣೆ ಹಾಕಿದ್ದಳು ರುಶ್ನಾರಾ. ಆ ಮಧ್ಯಾಹ್ನ ಅದೇ ಮನೆಯ ಬಾಗಿಲು ತಟ್ಟಿದಳು. ತೆರೆದವನು ಜುಬೇರ್. ಅವನಿಗೂ ಈಗ ಮದುವೆಯಾಗಿ ಮಕ್ಕಳಿದ್ದವು, ಗಡ್ಡದಲ್ಲಿ ಒಂದೆರಡು ಬಿಳಿಗೂದಲು. ಚಿಕ್ಕಮ್ಮನನ್ನು ನೋಡಿ ಸಲಾಂ ಹೇಳಿದ. ದಾರಿ ಮಾತ್ರ ಬಿಡಲಿಲ್ಲ.

"ಅಮ್ಮ ಮಲಗಿದ್ದಾರೆ ಚಾಚಿ. ಆ ಗುಂಪು ಗಿಂಪು ಎಲ್ಲ ಸಾಕು. ನಡೆದೂ ನಡೆದೂ ಕಾಲು ನೋವು ಮಾಡ್ಕೊಂಡಿದ್ದಾರೆ. ಎದ್ದು ಓಡಾಡೋಕೂ ಆಗ್ತಿಲ್ಲ."

"ಕಾಲು ನೋವಾ? ಡಾಕ್ಟ್ರಿಗೆ ತೋರಿಸಿದ್ರಾ?"

"ತೋರ್ಸೋಣ ಅಂದ್ರೆ ನನ್ನ ಕೈಗೇ ಕಾಲು ಕೊಡಲ್ಲ. ಉಳುಕಿದೆ ಅಂತಾರೆ."

ಒಳಗಿನಿಂದ ಖೊಯ್ರುನ್‌ಳ ದನಿ ಬಂತು. "ಯಾರೋ ಅದು? ಯಾರಾದ್ರೂ ಸರಿ, ನಾನು ಚೆನ್ನಾಗಿದ್ದೀನಿ ಅಂತ ಹೇಳಿ ಕಳಿಸು!"

ರುಶ್ನಾರಾ ಮನೆಗೆ ಬಂದು ಕೂತಳು. ಚೆನ್ನಾಗಿದ್ದೀನಿ ಎನ್ನುವ ಆ ದನಿಯ ಅಡಿಯಲ್ಲಿದ್ದ ಹೆದರಿಕೆ ಅವಳಿಗೆ ಕೇಳಿಸಿತ್ತು. ಖೊಯ್ರುನ್‌ಳ ಗಂಡನಿಗೂ ಹೀಗೇ ಕಾಲಿನಿಂದಲೇ ಶುರುವಾಗಿತ್ತು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಒಬ್ಬಳೇ ಹೋದರೆ ಬಾಗಿಲಿಂದಲೇ ಕಳಿಸುತ್ತಾರೆ. ಹತ್ತು ಜನ ಬಂದರೆ ಏನು ಮಾಡುತ್ತಾರೆ? ಮುಂದಿನ ಮಂಗಳವಾರದವರೆಗೆ ಕಾಯುವುದು ಸರಿಯೆನಿಸಲಿಲ್ಲ. ಅಂಗೂರಾಗೆ ಫೋನು ಹಚ್ಚಿದಳು. "ಎಲ್ಲರನ್ನೂ ಕರ್ಕೊಂಡು ಬಾ. ನಾಳೆ ನಡಿಗೆ ಪಾರ್ಕಿಗಲ್ಲ."

ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಒಂಬತ್ತು ಕಪ್ಪು ಬುರ್ಖಾಗಳು ಸಾಲಾಗಿ ಆ ಬೀದಿಗೆ ಬಂದವು. ಜೊತೆಗೆ ತಸ್ಲೀಮಾ. ನೆರೆಮನೆಯ ಇಂಗ್ಲಿಷ್ ಮುದುಕಿ ಪರದೆ ಸರಿಸಿ, ಯಾರೋ ತೀರಿಕೊಂಡರೆಂದು ಭಾವಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಜುಬೇರ್ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದ ಸೊಸೆ ಏನೂ ಹೇಳುವ ಮೊದಲೇ ಎಲ್ಲರೂ ಒಳನುಗ್ಗಿ, ಹಾಲಿನಲ್ಲಿ ಖೊಯ್ರುನ್ ಕೂತಿದ್ದ ಸೋಫಾದ ಸುತ್ತ ನೆಲೆಯಾದರು.

"ಏನ್ರೇ ಇದು? ನಾನಿನ್ನೂ ಸತ್ತಿಲ್ಲ!" ಎಂದಳು ಖೊಯ್ರುನ್. ಬಲಗಾಲನ್ನು ಕಂಬಳಿಯ ಒಳಗೆ ಎಳೆದುಕೊಂಡಳು.

"ಗೊತ್ತು ಗೊತ್ತು. ಸತ್ತಿದ್ರೆ ಬಿರಿಯಾನಿ ವಾಸ್ನೆ ಬರ್ತಿತ್ತು" ಎಂದಳು ಅಂಗೂರಾ. "ನೀನು ಬರದಿದ್ರೆ ನಾವೇ ಇಲ್ಲಿ ಮಾಡ್ತೀವಿ. ಕೈ ಮೇಲೆತ್ತಿ!"

ಎಲ್ಲರೂ ಇದ್ದಲ್ಲೇ ಕೈಯೆತ್ತಿದರು. ಒಬ್ಬಳ ಕೈ ದೀಪಕ್ಕೆ ತಾಗಿತು, ಇನ್ನೊಬ್ಬಳದು ಪಕ್ಕದವಳ ಮೂಗಿಗೆ. ಖೊಯ್ರುನ್ ನಗಬಾರದೆಂದು ತುಟಿ ಕಚ್ಚಿದರೂ ಹೊಟ್ಟೆ ಕುಲುಕಿತು. ಆ ಗದ್ದಲದ ನಡುವೆ ರುಶ್ನಾರಾ ಸೋಫಾದ ಕಾಲ ಬುಡದಲ್ಲಿ ನೆಲಕ್ಕೆ ಕೂತಳು. ಕೆಟ್ಟ ವಾಸನೆ ಮೊದಲು ಅವಳ ಮೂಗಿಗೆ ಬಡಿಯಿತು.

"ಭಾಬಿ, ಕಾಲು ತೋರಿಸು."

"ಉಳುಕಿದೆ ಅಂದ್ನಲ್ಲ."

"ನನ್ನ ಮೂರು ಹೆರಿಗೇಲೂ ನೀನು ನನ್ನ ಮೈ ನೋಡಿದೀಯ. ನಾನು ನಿನ್ನ ಕಾಲು ನೋಡಬಾರದಾ?"

ಕೋಣೆಯಲ್ಲಿ ಒಬ್ಬೊಬ್ಬರಾಗಿ ಕೈ ಇಳಿಸಿದರು. ಖೊಯ್ರುನ್ ಮುಖ ಗೋಡೆಗೆ ತಿರುಗಿಸಿದಳು, ಕಂಬಳಿ ಸರಿಸಿದಾಗ ಬೇಡವೆನ್ನಲಿಲ್ಲ. ಕಾಲುಚೀಲದ ಒಳಗೆ ಸುತ್ತಿದ ಹಳೆಯ ಬಟ್ಟೆಯನ್ನು ರುಶ್ನಾರಾ ಮೆಲ್ಲಗೆ ಬಿಚ್ಚಿದಳು. ಹೆಬ್ಬೆರಳಿನ ಪಕ್ಕದ ಬೆರಳು ಕಪ್ಪಗಾಗಿತ್ತು. ಅದರ ಕೆಳಗೆ ಅಂಗಾಲಿನಲ್ಲಿ ಬಾಯಿಬಿಟ್ಟ ಹುಣ್ಣು.

"ಜುಬೇರನ ಹಳೇ ಶೂ ಹಾಕ್ಕೊಂಡು ಬರ್ತಿದ್ದೆ" ಎಂದಳು ಖೊಯ್ರುನ್ ಗೋಡೆಗೆ. "ಅದರೊಳಗೆ ಅಂಗಿ ಗುಂಡಿಯಷ್ಟು ಒಂದು ಕಲ್ಲಿತ್ತು ಕಣೇ. ಎಷ್ಟು ದಿನ ಅದರ ಮೇಲೇ ನಡೆದೆನೋ, ಈ ಸಕ್ಕರೆಗೆ ಕಾಲು ಮರಗಟ್ಟಿ ಒಂಚೂರೂ ನೋವಾಗ್ಲಿಲ್ಲ. ರಕ್ತ ನೋಡಿದ ಮೇಲೇ ಗೊತ್ತಾಗಿದ್ದು. ಹೇಳಿದ್ರೆ ಇವನು ನನ್ನ ನಡಿಗೆ ನಿಲ್ಲಿಸ್ತಾನೆ, ಡಾಕ್ಟ್ರು ಕಾಲು ಕತ್ತರಿಸ್ತಾರೆ."

ತಸ್ಲೀಮಾಳ ಮುಖ ಬಿಳಿಚಿಕೊಂಡಿತ್ತು. "ನಾನು ಕೇಳಬೇಕಿತ್ತು. ನಡೆಸೋಕೆ ಮುಂಚೆ ಎಲ್ಲರ ಪಾದ ನೋಡಬೇಕಿತ್ತು ನಾನು" ಎಂದು ಇಂಗ್ಲಿಷಿನಲ್ಲೂ ಮನೆಮಾತಿನಲ್ಲೂ ಎರಡೆರಡು ಸಲ ಹೇಳಿದಳು. ಆಮೇಲೆ ಆಸ್ಪತ್ರೆಗೆ ಫೋನು ಮಾಡಿದಳು.

"ನಾನು ಹೋಗಲ್ಲ" ಎಂದಳು ಖೊಯ್ರುನ್. "ಅವರೂ ಹೀಗೇ ಹೋಗಿದ್ರು. ನಡ್ಕೊಂಡು ಹೋದವರು ಗಾಲಿಕುರ್ಚಿ ಮೇಲೆ ಬಂದ್ರು."

"ಭಾವ ಒಬ್ಬರೇ ಹೋಗಿದ್ರು. ತಡವಾಗಿ ಹೋಗಿದ್ರು" ಎಂದಳು ರುಶ್ನಾರಾ. "ನಾವು ಹತ್ತು ಜನ ಇದ್ದೀವಿ. ಕತ್ತರಿಸೋಕೆ ಬಂದ್ರೆ ಅಂಗೂರಾ ಕಚ್ತಾಳೆ. ಏಳು."

ಮೊಯ್ನುಲ್‌ನ ಟ್ಯಾಕ್ಸಿ ಬಂತು. ಅಣ್ಣನ ಮನೆಯ ಮುಂದೆ ಎಷ್ಟೋ ವರ್ಷಗಳ ಮೇಲೆ ಗಾಡಿ ನಿಲ್ಲಿಸಿದ ಅವನು, ಅತ್ತಿಗೆಗೆ ತಲೆಬಾಗಿ ಸಲಾಂ ಹೇಳಿ ಹಿಂದಿನ ಬಾಗಿಲು ತೆರೆದ.

ಬೆರಳನ್ನು ಉಳಿಸಲಾಗಲಿಲ್ಲ. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಅದೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಜುಬೇರ್ ಆಸ್ಪತ್ರೆಯ ಪಡಸಾಲೆಯಲ್ಲಿ ರುಶ್ನಾರಾಳ ಮುಂದೆ ಬಂದು ನಿಂತ. ಅವಳ ಕೈಚೀಲವನ್ನು ಇಸಿದುಕೊಂಡು ತಾನೇ ಹಿಡಿದುಕೊಂಡ.

ರುಶ್ನಾರಾ ದಿನವೂ ಮಧ್ಯಾಹ್ನ ಸಾರು ತೆಗೆದುಕೊಂಡು ಹೋಗುತ್ತಿದ್ದಳು. ಒಂದು ದಿನ ಖೊಯ್ರುನ್ ಚಮಚ ಕೆಳಗಿಟ್ಟು ಕಿಟಕಿಯಾಚೆ ನೋಡುತ್ತ ಹೇಳಿದಳು. "ಅತ್ತೆ ಹೋದ್ಮೇಲೆ ನೀವು ಬೇರೆ ಮನೆ ಮಾಡ್ಕೊಂಡು ಹೋದ್ರಿ. ಆ ಅಡುಗೆಮನೇಲಿ ನಾನೊಬ್ಬಳೇ ಉಳಿದೆ. ಶೆಫಾಲಿ ಸೊಸೆಯಾಗಿ ಬಂದ್ರೆ, ಮಗಳನ್ನ ನೋಡೋ ನೆಪದಲ್ಲಾದ್ರೂ ನೀನು ದಿನಾ ಬರ್ತೀಯ ಅಂದ್ಕೊಂಡಿದ್ದೆ. ಅವಳು ಒಲ್ಲೆ ಅಂದಾಗ ನಂಗೆ ತಡೆಯೋಕಾಗ್ಲಿಲ್ಲ. ಬಾಯಿಗೆ ಬಂದದ್ದು ಆಡಿದೆ."

ರುಶ್ನಾರಾ ಚಮಚವನ್ನು ಮತ್ತೆ ಅವಳ ಕೈಗಿಟ್ಟಳು. "ಬಾ ಅಂದಿದ್ರೆ ಹಾಗೇ ಬರ್ತಿದ್ದೆನಲ್ಲ ಭಾಬಿ. ಅದಕ್ಕೆ ಮದುವೆ ಯಾಕೆ ಬೇಕಿತ್ತು?"

"ವಾರಗಿತ್ತೀನ ಯಾರಾದ್ರೂ ಬಾ ಅಂತ ಕರೀತಾರೇನೇ? ನಾಲ್ಕು ಜನ ನಗಲ್ವಾ?"

"ಈಗ ನಗ್ತಿಲ್ವಾ? ಊರೆಲ್ಲ ನಮ್ಮನ್ನ ಗೂಡ್ಸ್ ಗಾಡಿ ಅಂತಿದೆ." ಆಮೇಲೆ ದನಿ ತಗ್ಗಿಸಿ ಸೇರಿಸಿದಳು. "ಹೊಳೆಗೆ ತಳ್ತೀನಿ ಅಂದಿದ್ದು ನಂದೂ ತಪ್ಪು. ಜುಬೇರ್ ಒಳ್ಳೇ ಹುಡುಗ."

"ಒಳ್ಳೇ ಹುಡುಗನೇ. ಆದ್ರೆ ಶೂ ಕೊಡೋ ಮುಂಚೆ ಒಂದು ಸಲ ಕೊಡವಿ ಕೊಟ್ಟಿದ್ರೆ ಇನ್ನೂ ಒಳ್ಳೆಯವನಾಗ್ತಿದ್ದ."

ಆ ಚಳಿಗಾಲ ಗುಂಪಿನಲ್ಲಿ ಹೊಸ ಪದ್ಧತಿ ಬಂತು. ಕೈಕಾಲು ಆಡಿಸುವ ಮೊದಲು ಎಲ್ಲರೂ ಕಾಲುಚೀಲ ಕಳಚಿ, ಪಕ್ಕದವಳ ಪಾದವನ್ನು ಮಡಿಲಲ್ಲಿಟ್ಟುಕೊಂಡು ಬೆರಳ ಸಂದಿಯವರೆಗೆ ನೋಡಬೇಕು. ಮೊದಲ ದಿನ ನಾಚಿಕೆಯಿಂದ ಕಾಲು ಎಳೆದುಕೊಂಡವರೇ ಎಲ್ಲ. ಆಮೇಲಾಮೇಲೆ ಅದೇ ಹರಟೆಯ ಹೊತ್ತಾಯಿತು. ಶೂಗಳನ್ನು ಬಾಗಿಲಲ್ಲಿ ಕೊಡವುವ ಸದ್ದು ರಸ್ತೆಗೆ ಕೇಳುತ್ತಿತ್ತು.

ಎಲ್ಲರಿಗೂ ಎಲ್ಲವೂ ಒಳ್ಳೆಯದಾಯಿತೆಂದು ಹೇಳಲಾಗದು. ಮಾಯಾರುನ್ ಎಂಬವಳನ್ನು ಮನೆಯವರು ಕಳಿಸುವುದನ್ನೇ ನಿಲ್ಲಿಸಿದರು. ಅಂಗೂರಾಳ ಸಕ್ಕರೆ ಇದ್ದಲ್ಲಿಂದ ಇಳಿಯಲಿಲ್ಲ, ಅವಳ ಬಾಯಿಯೂ ಇಳಿಯಲಿಲ್ಲ. ತಸ್ಲೀಮಾಳನ್ನು ಬೇರೆ ಊರಿಗೆ ಹಾಕಿದರು. ಹೊಸಬರು ಬರುವರೆಂದು ಕಾದು, ಯಾರೂ ಬಾರದಿದ್ದಾಗ ಹೆಂಗಸರೇ ಭವನದ ಬೀಗದ ಕೈ ಇಸಿದುಕೊಂಡರು. ರುಶ್ನಾರಾಳ ಸಕ್ಕರೆ ಒಂದಿಷ್ಟು ತಗ್ಗಿತು, ಮಂಡಿನೋವು ಮಳೆ ಬಂದಾಗ ಮಾತ್ರ ಉಳಿಯಿತು.

ವಸಂತದಲ್ಲಿ ಖೊಯ್ರುನ್ ಆಸ್ಪತ್ರೆಯವರು ಮಾಡಿಕೊಟ್ಟ ಅಗಲ ಮೂತಿಯ ಶೂ ಹಾಕಿಕೊಂಡು ಮತ್ತೆ ಪಾರ್ಕಿಗೆ ಬಂದಳು. ಅದೇ ವಾರ ಶೆಫಾಲಿ ಲೂಟನ್‌ನಿಂದ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ತಾಯಿಯ ಜೊತೆ ಹೊರಟವಳು ಗೇಟಿನಲ್ಲಿ ದೊಡ್ಡಮ್ಮನನ್ನು ಕಂಡು ಕಾಲು ಹಿಂದೆಗೆದಳು. ಖೊಯ್ರುನ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಎಷ್ಟು ಬಡವಾಗಿದ್ದೀಯೇ! ನಿಮ್ಮಮ್ಮ ಏನೂ ತಿನ್ನೋಕೆ ಕೊಡಲ್ವಾ?"

"ನಾನು ಹೀಗೇ ಇರೋದು ದೊಡ್ಡಮ್ಮ" ಎಂದಳು ಶೆಫಾಲಿ ಅಳುಕುತ್ತ.

"ಇರು, ಇರು. ಈ ಕಡೆ ಬಾ, ನಂಗೆ ಒಂದು ತೋಳು ಬೇಕು." ಅವಳ ಕೈ ಹಿಡಿದುಕೊಂಡು ಖೊಯ್ರುನ್ ಹೆಜ್ಜೆ ಹಾಕಿದಳು. ಇನ್ನೊಂದು ಪಕ್ಕಕ್ಕೆ ರುಶ್ನಾರಾ. ಕೊಳ ದಾಟಿ ಏರು ಶುರುವಾಗುವಲ್ಲಿ ಉಳಿದವರು ನಿಂತು ಕಾಯುತ್ತಿದ್ದರು. ಗುಡ್ಡದ ಮೇಲಿಂದ ತಣ್ಣನೆಯ ಗಾಳಿ ಬೀಸಿ ಬುರ್ಖಾಗಳು ಹಾಯಿಯಂತೆ ಉಬ್ಬಿದವು.

"ನಿನ್ನೆ ಕಳಿಸಿದ ಗೊಜ್ಜಿಗೆ ಉಪ್ಪು ಜಾಸ್ತಿಯಾಗಿತ್ತು" ಎಂದಳು ಖೊಯ್ರುನ್ ಏದುಸಿರಿನ ನಡುವೆ.

"ಒಣಮೀನಿನ ಗೊಜ್ಜು ಮತ್ತೆ ಹೇಗಿರುತ್ತೆ? ಅತ್ತೆ ಕಾಲದಿಂದ ನಿನ್ನ ನಾಲಿಗೆಗೆ ನನ್ನ ಅಡುಗೆ ಹಿಡಿಸಿದ್ದು ಯಾವಾಗ?"

"ಅದಕ್ಕೇ ಹೇಳಿದ್ದು, ನಾಳೆ ನಮ್ಮನೆಗೆ ಬಾ. ಮೀನು ತೊಳೆಯೋದರಿಂದ ಮತ್ತೆ ಕಲಿಸ್ತೀನಿ."

"ಬರ್ತೀನಿ. ಮೊದ್ಲು ಈ ಏರು ಹತ್ತು."